ಕೆರೆದು ಹಾಕಿದ ಗಿಲಾವು

ಮಾಸ್ತಪ್ಪನ ಹೆಸರನ್ನು ಸೌಂದರ್ಯ ಬೆರಳಿನಿಂದಲೇ ಒರೆಸಿದಳು. ಡಸ್ಟರ್ ಪಕ್ಕದಲ್ಲೇ ಇತ್ತು. ಅದಕ್ಕೆ ಕೈಚಾಚುವಷ್ಟು ಹೊತ್ತು ಆ ಹೆಸರನ್ನು ನೋಡುತ್ತ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ.

ಕೆಲಸದ ಶೆಡ್ಡಿನ ಗೋಡೆಗೆ ಒಂದು ಬಿಳಿ ಹಲಗೆ. ನಾಳೆ ಯಾವ ಕೆಲಸ, ಯಾರು ಮಾಡಬೇಕು ಎಂದು ಟೀಮ್ ಲೀಡರ್ ಹಿಂದಿನ ದಿನವೇ ಅದರಲ್ಲಿ ಬರೆಯಬೇಕು. ಟೀಮ್ ಲೀಡರ್ ಅಂದರೆ ಸೌಂದರ್ಯ. 'ಟ್ಯಾಂಕಿನ ಒಳಗೆ ತೊಳೆಯುವುದು: ಮಾಸ್ತಪ್ಪ, ಗುಲಾಬ್ ಸಾಬ್' ಎಂದು ಬೆಳಿಗ್ಗೆ ಬರೆದವಳೂ ಅವಳೇ. ಈಗ ಮೊದಲ ಹೆಸರಿದ್ದ ಕಡೆ ಒಂದು ಕಪ್ಪು ಕಲೆ. ಅದರ ಕೆಳಗೆ ಹೊಸ ಸಾಲು ಬರೆದಳು: 'ಮಾಸ್ತಪ್ಪ: ರಜಾ.' ಕೇಳದವನಿಗೆ ಕೊಟ್ಟ ರಜಾ. ಬೆರಳ ತುದಿಗೆ ಹತ್ತಿದ ಮಸಿಯನ್ನು ಚೂಡಿದಾರಕ್ಕೆ ಉಜ್ಜಿದಳು. ಹೋಗಲಿಲ್ಲ.

ಮಾಸ್ತಪ್ಪ ಗಾರೆ ಮೇಸ್ತ್ರಿ. ಸೊರಬ ತಾಲ್ಲೂಕಿನ ಈ ಕೋಡಿಕೊಪ್ಪದಲ್ಲಿ ಆರು ಕಂಬದ ಮೇಲೆ ನಿಂತಿರುವ ಹೊಸ ನೀರಿನ ಟ್ಯಾಂಕಿದೆಯಲ್ಲ, ಅದರ ಒಳಗಿನ ಗಿಲಾವೆಲ್ಲ ಅವನ ಕೈಯದು. ಹದಿಮೂರು ದಿನ ಅದರೊಳಗೆ ಕೂತು ಮಾಡಿದ ಕೆಲಸ. ಮೇಲೆ ಸ್ಲ್ಯಾಬು, ಒಬ್ಬ ಮನುಷ್ಯ ಇಳಿಯುವಷ್ಟು ಒಂದು ಕಿಂಡಿ, ಅಷ್ಟೇ. ಗಾಳಿಯಿಲ್ಲ. ಹಸಿ ಸಿಮೆಂಟು ಬಿಸಿ ಕಾರುತ್ತದೆ. ಮೊಣಕಾಲೂರಿ, ಬೆನ್ನು ಬಗ್ಗಿಸಿ, ತಳವನ್ನು ಅಂಗೈಯಲ್ಲಿ ಸವರಿ ಸವರಿ ನುಣ್ಣಗೆ ಮಾಡಬೇಕು. ಸಿಮೆಂಟು ಚರ್ಮ ತಿನ್ನುತ್ತದೆ. ಮಾಸ್ತಪ್ಪನ ಹತ್ತೂ ಬೆರಳ ತುದಿಗಳು ಸುಲಿದಿದ್ದವು. ಸಂಜೆ ತೆಂಗಿನೆಣ್ಣೆ ಹಚ್ಚಿಕೊಂಡು ಕೂತವನು ಅನ್ನ ಕಲಸಲಾಗದೆ ಚಮಚದಲ್ಲಿ ತಿನ್ನುತ್ತಿದ್ದ.

ಅವನು ಸೌಂದರ್ಯಳ ದೊಡ್ಡಪ್ಪ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿದವನು, ಡಿಪ್ಲೊಮಾ ಓದಿಸಿದವನು. ಕೋಡಿಕೊಪ್ಪದಲ್ಲಿ ಇದು ಗುಲಾಬ್ ಸಾಬನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಪೈಪು ಜೋಡಿಸುವ ಗುಲಾಬ್ ಸಾಬನೂ ಅವರ ಊರಾದ ಶಿಕಾರಿಪುರದವನೇ. ಅವನು ಬಾಯಿ ಬಿಡುವ ಮನುಷ್ಯನಲ್ಲ.

ಮುಚ್ಚಿಡು ಎಂದು ಸೌಂದರ್ಯ ಕೇಳಿದ್ದಲ್ಲ. ಕೆಲಸ ಶುರುವಾದ ದಿನ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಪ್ಪನೇ ಹೇಳಿದ್ದ. "ಅಲ್ಲಿ ನಾನು ನಿನಗೆ ದೊಡ್ಡಪ್ಪ ಅಲ್ಲ ಸೌಂದ್ರಿ. ನೀನು ಮೇಡಂ, ನಾನು ಮೇಸ್ತ್ರಿ. ನನ್ನ ಹೆಸರು ಕೇಳಿದ್ರೆ ಸಾಕು, ನಾವು ಯಾವ ಕಾಲನಿಯೋರು ಅಂತ ಅವರಿಗೆ ಗೊತ್ತಾಗ್ತದೆ. ನಿನ್ನ ಹೆಸರಿಗೆ ಆ ವಾಸನೆ ಇಲ್ಲ. ನನ್ನ ನೋಡಿ ನಿನ್ನ ಅಳೆಯೋದು ಬ್ಯಾಡ." ಬೇಡ ದೊಡ್ಡಪ್ಪ, ಹಾಗೆಲ್ಲ ಬೇಡ ಅನ್ನಬೇಕಿತ್ತು. ಅವಳು ಬಸ್ಸಿನ ಬೋರ್ಡು ನೋಡಿದಳು. ಒಳಗೊಳಗೇ ಹಗುರಾಗಿದ್ದು ಸುಳ್ಳಲ್ಲ. ಆ ಹಗುರವೇ ಈಗ ಅವಳನ್ನು ತಿನ್ನುತ್ತಿತ್ತು.

ಹೆಸರು ಒರೆಸುವ ಮಾತು ಬಂದಿದ್ದು ಹಲಗೆ ಬರೆದ ದಿನದ ಮಧ್ಯಾಹ್ನ, ಬೆನಕಪ್ಪನ ಮನೆಯ ಜಗುಲಿಯಲ್ಲಿ. ಬೆನಕಪ್ಪ ಊರಿನ ನೀರು ಸಮಿತಿಯ ಅಧ್ಯಕ್ಷ. ಟ್ಯಾಂಕನ್ನು ವಹಿಸಿಕೊಂಡೆವು ಎಂದು ಅವನು ಸಹಿ ಹಾಕಿದರೇ ಟ್ಯಾಂಕಿನ ಗುತ್ತಿಗೆ ಹಿಡಿದ ಕಂಪನಿಯ ಕೆಲಸ ಮುಗಿದಂತೆ. ಕಂಪನಿ ಒಪ್ಪಿದರೇ ಅಂಬ್ಲಿಗೊಳ ಕಡೆಯ ದೊಡ್ಡ ಪೈಪ್‌ಲೈನಿಗೆ ಸೌಂದರ್ಯ ಲೀಡರ್. ಅಲ್ಲಿ ನಲವತ್ತು ಜನ, ಮೂರು ಗ್ಯಾಂಗು. ಅದು ಅವಳಿಗೆ ಬೇಕಿತ್ತು, ಹೊಟ್ಟೆ ಹಸಿದವಳಿಗೆ ಊಟ ಬೇಕಾದಂತೆ ಬೇಕಿತ್ತು.

ಬೆನಕಪ್ಪನ ಹೆಂಡತಿ ನಿರ್ಮಲಮ್ಮ ಯಾವತ್ತಿನಂತೆ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಮೊದಲ ವಾರವೇ ಅವಳು ಕೇಳಿದ್ದಳು, "ನೀವು ಯಾರ ಪೈಕಿ ಆಯ್ತಮ್ಮಾ?" ಸೌಂದರ್ಯ, "ಶಿಕಾರಿಪುರದ ಕಡೆಯೋರು ರೀ," ಎಂದಿದ್ದಳು. ಕೇಳಿದ್ದು ಜಾತಿ, ಹೇಳಿದ್ದು ಊರು. ನಿರ್ಮಲಮ್ಮ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಮಜ್ಜಿಗೆಗೆ ಒಂದು ಎಸಳು ಕೊತ್ತಂಬರಿ ಜಾಸ್ತಿ ಹಾಕಿದ್ದಳು. ಆ ಮಜ್ಜಿಗೆಯನ್ನು ಸೌಂದರ್ಯ ನಾಲ್ಕು ತಿಂಗಳು ಕುಡಿದಳು. ಮಾಸ್ತಪ್ಪನಿಗೆ ಅದೇ ಮನೆಯ ನೀರು ಬರುತ್ತಿದ್ದುದು ಪ್ಲಾಸ್ಟಿಕ್ ಕೊಡದಲ್ಲಿ, ಗೇಟಿನ ಹೊರಗೆ.

"ನೋಡಮ್ಮಾ," ಅಂದ ಬೆನಕಪ್ಪ. ಅವನದು ಸಿಟ್ಟಿನ ಮಾತಲ್ಲ, ಮಗಳಿಗೆ ಬುದ್ಧಿ ಹೇಳುವವನ ಹಾಗೆ ಮೆತ್ತಗೆ ಹೇಳಿದ. "ನಿಮ್ಮ ಮೇಸ್ತ್ರಿ ಒಳ್ಳೆ ಕೆಲಸಗಾರ. ನಾವೇನಾದ್ರೂ ಬೇಡ ಅಂದ್ವಾ? ಕಟ್ಟೋ ತನಕ ಅದು ಕಟ್ಟಡ. ಯಾರು ಬೇಕಾದ್ರೂ ಹತ್ಲಿ, ಇಳೀಲಿ. ಆದ್ರೆ ತೊಳೆದು ನೀರು ಬಿಟ್ಟ ಮೇಲೆ ಅದು ಬಾಯಿಗೆ ಹೋಗೋ ನೀರು. ತೊಳೆಯೋ ಕೆಲಸ ನಮ್ಮೋರೇ ನಾಲ್ಕು ಜನ ಮಾಡ್ತಾರೆ. ಅವನಿಗೆ ಸುಮ್ನೆ ಒಂದು ದಿನ ರಜಾ ಕೊಡು. ಯಾರ ಮನಸ್ಸಿಗೂ ನೋವಾಗಬಾರ್ದು ನೋಡು."

"ಆಗ್ಲಿ ರೀ," ಅಂದಳು ಸೌಂದರ್ಯ.

ಅಷ್ಟು ಬೇಗ ಅಂದಳು. ಅಂದಮೇಲೆ ಮಜ್ಜಿಗೆಯನ್ನೂ ಕುಡಿದಳು.

ಶಿಕಾರಿಪುರದ ಆಫೀಸಿನಲ್ಲಿ ಮೂರು ದಿನ ಲೀಡರುಗಳಿಗೆ ತರಬೇತಿ ಆಗಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ರೇಣುಕಾಪ್ರಸಾದ್ ಗೋಡೆಯ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಬಿಡಿಸಿ ತೋರಿಸಿದ್ದ. ಟೀಮ್ ಅಂದರೆ ಒಂದು ಕುಟುಂಬ ಎಂದಿದ್ದ. ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದ್ದ. "ಸಮಸ್ಯೆ ಬರೋಕೆ ಮುಂಚೆ ಅದನ್ನ ಗುರುತಿಸಬೇಕು. ಗುರುತಿಸಿ ಪಕ್ಕಕ್ಕೆ ಇಡಬೇಕು. ಅವನೇ ಲೀಡರ್," ಎಂದಿದ್ದ. ಸೌಂದರ್ಯ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಈಗ ಹೇಳಿದ ಹಾಗೇ ನಡೆದುಕೊಂಡಳು. ಸಮಸ್ಯೆಯನ್ನು ಗುರುತಿಸಿದಳು, ಪಕ್ಕಕ್ಕೆ ಇಟ್ಟಳು. ಸಮಸ್ಯೆಯ ಹೆಸರು ಮಾಸ್ತಪ್ಪ.

ಸಂಜೆ ಮಾಸ್ತಪ್ಪ ಗಾರೆ ಬಳಿಯುವ ಕರಣೆ ತೊಳೆದುಕೊಂಡು ಶೆಡ್ಡಿಗೆ ಬಂದ. ಅವನು ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾನೆ. ಹಲಗೆಯ ಮುಂದೆ ನಿಂತು ತುಟಿ ಅಲ್ಲಾಡಿಸಿ ಓದಿದ. ಗುಲಾಬ್ ಸಾಬ ಅವನ ಹಿಂದೆ ನಿಂತಿದ್ದ.

"ನಾನು ರಜಾ ಕೇಳಿದ್ನಾ ಮೇಡಂ?"

"ಸುಸ್ತಾಗಿದೀರಿ ಮೇಸ್ತ್ರಿ. ಕೈ ನೋಡ್ಕೊಳ್ಳಿ ಹೆಂಗಾಗಿದೆ. ಒಂದಿನ ಮನೇಲಿರಿ."

"ತೊಳೆಯೋರು ಯಾರು?"

ಸೌಂದರ್ಯ ಫೈಲು ತೆರೆದಳು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. "ಊರೋರು," ಅಂದಳು.

ಮಾಸ್ತಪ್ಪನಿಗೆ ಅಷ್ಟು ಸಾಕಾಯಿತು. ಐವತ್ತೆಂಟು ವರ್ಷದ ಮನುಷ್ಯ, ಇಂಥ ರಜಾ ಎಷ್ಟು ಕಂಡಿದ್ದಾನೋ. ಅವನು ಅದಕ್ಕೆ ಬೆಚ್ಚಲಿಲ್ಲ. ಅದನ್ನು ಬರೆದ ಕೈಯನ್ನು ಒಂದು ಗಳಿಗೆ ನೋಡಿದ. ಬೆರಳ ತುದಿಯ ಮಸಿಯೂ ಕಂಡಿರಬೇಕು. ಕರಣೆ, ರಸಮಟ್ಟ, ತೂಕದ ಗುಂಡು ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಶಿಕಾರಿಪುರದ ಬಸ್ಸಿಗೆ ಹೊರಟುಹೋದ. ಒಂದು ದಿನದ ರಜೆಗೆ ಹೋಗುವವನು ಕರಣೆ ಒಯ್ಯುವುದಿಲ್ಲ.

ಗುಲಾಬ್ ಸಾಬ ಹೋಗಲಿಲ್ಲ. "ನನ್ನ ಹೆಸರೂ ಒರಸ್ರಿ ಮೇಡಂ," ಅಂದ.

"ನಿಮಗೆ ಯಾರೂ ಏನೂ ಅಂದಿಲ್ಲ."

"ಅಂದಿಲ್ಲ. ಗಿಲಾವು ಹಾಕಿದೋನು ತೊಳೀಬಾರ್ದು ಅಂದ್ರೆ ಪೈಪು ಕೂರ್ಸಿದೋನೂ ಇಳಿಯಲ್ಲ. ಒರಸ್ರಿ. ಬೆರಳಲ್ಲೇ ಒರಸ್ರಿ, ಹೆಂಗೂ ಹೊಲಸಾಗೇತಲ್ಲ."

ಅವಳು ಒರೆಸಿದಳು.

ಮರುದಿನ ಬೆನಕಪ್ಪನ ಕಡೆಯ ನಾಲ್ಕು ಜನ ಬಂದರು. ಕೈಯಲ್ಲಿ ಬಕೆಟ್ಟು, ತಂತಿಯ ಬ್ರಷ್ಷು, ಎರಡು ಸಲಿಕೆ. ಒಂದು ಬಕೆಟ್ಟಿನಲ್ಲಿ ಗಂಜಲ. ಅದನ್ನು ಸೌಂದರ್ಯ ನೋಡಿದಳು. ಹಸುವಿನ ಉಚ್ಚೆ ಹೊತ್ತುಕೊಂಡು ಏಣಿ ಹತ್ತಿದರು, ಮಾಸ್ತಪ್ಪನ ಅಂಗೈ ಮುಟ್ಟಿದ್ದನ್ನು ತೊಳೆಯುವುದಕ್ಕೆ. ಅವಳು ತಾನೇ ಕೆಳಗೆ ಏಣಿ ಅಲ್ಲಾಡದಂತೆ ಹಿಡಿದುಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಸದ್ದು ಬಂತು. ತೊಳೆಯುವ ಸದ್ದಲ್ಲ. ಕರ್ರ್, ಕರ್ರ್ ಎಂದು ಕೆರೆಯುವ ಸದ್ದು.

"ಏನ್ ಮಾಡ್ತಿದ್ದಾರೆ ರೀ?" ಎಂದು ಬೆನಕಪ್ಪನನ್ನು ಕೇಳಿದಳು.

"ಮೇಲಿನ ಪದರ ಒಂಚೂರು ತೆಗೀತಾರೆ. ಅಷ್ಟು ದಿನ ಅದರ ಮೇಲೆ ಕೂತಿದ್ದ ನೋಡು. ಮನಸ್ಸಿಗೆ ಸಮಾಧಾನ ಬೇಕಲ್ವಾ?"

ಹತ್ತು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ದೊಡ್ಡಪ್ಪನಿಗೆ ಕಲಸಿದ ಸಿಮೆಂಟು ಎತ್ತಿಕೊಡುತ್ತಿದ್ದಳು ಸೌಂದರ್ಯ. ಒಂದು ತೊಟ್ಟಿಯ ತಳಕ್ಕೆ ಅವನು ನೀರಾಗಿ ಕಲಸಿದ ಸಿಮೆಂಟು ಸವರುತ್ತ ಹೇಳಿದ್ದ, "ನೀರು ಹಿಡಿಯೋದು ಗೋಡೆ ಅಲ್ಲ ಸೌಂದ್ರಿ. ಈ ತೆಳ್ಳನೆ ಪದರ. ಇದಕ್ಕೆ ಒಂದು ಗೀರು ಬಿದ್ರೂ ಗೋಡೆ ಎಷ್ಟು ದಪ್ಪ ಇದ್ರೂ ದಂಡ." ಅವಳು ಕಲಿತ ಮೊದಲ ಎಂಜಿನಿಯರಿಂಗು ಅದು. ಡಿಪ್ಲೊಮಾದಲ್ಲಿ ಅದನ್ನೇ ಎರಡು ಪುಟ ಬರೆದು ಮಾರ್ಕ್ಸ್ ತೆಗೆದಿದ್ದಳು.

ಅವಳಿಗೆ ಗೊತ್ತಿತ್ತು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸಲಿಕೆ ಎಲ್ಲಿ ಕೆರೆಯುತ್ತಿದೆ, ಏನು ಹಾಳಾಗುತ್ತಿದೆ, ಎಲ್ಲ ಗೊತ್ತಿತ್ತು. ನಿಲ್ಲಿಸಿ ಎಂದು ಒಂದು ಕೂಗು ಹಾಕಿದ್ದರೆ ನಿಲ್ಲುತ್ತಿತ್ತು. ಆದರೆ ಕೂಗಿದರೆ ಯಾಕೆ ಎಂದು ಹೇಳಬೇಕು. ಹೇಳಲು ಹೊರಟರೆ ದೊಡ್ಡಪ್ಪ ಎಂಬ ಮಾತು ಬಾಯಿಗೆ ಬರುತ್ತಿತ್ತು. ಅವಳು ಏಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ರಿಜಿಸ್ಟರಿನಲ್ಲಿ 'ಟ್ಯಾಂಕ್ ತೊಳೆದು ಸ್ವಚ್ಛಗೊಳಿಸಲಾಗಿದೆ' ಎಂದು ಬರೆದಳು. ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದಳು. 'ಗುಡ್ ಟೀಮ್ ವರ್ಕ್' ಎಂದು ರೇಣುಕಾಪ್ರಸಾದನ ಉತ್ತರ ಬಂತು.

ಟ್ಯಾಂಕು ತುಂಬಿಸಿ, ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ, ಒಂದು ದಿನ ಬಿಟ್ಟು ನೋಡುವುದು ಕ್ರಮ. ಮರುದಿನ ನೋಡಿದರೆ ನೀರು ಗುರುತಿನಿಂದ ಒಂದು ಗೇಣು ಕೆಳಗಿತ್ತು. ತಳದ ಅಡಿಯಲ್ಲಿ ಬೆವರಿನಂತೆ ಹನಿ ಕಟ್ಟಿ ಕಂಬದ ಮೇಲೆ ಇಳಿಯುತ್ತಿತ್ತು. ಉದ್ಘಾಟನೆಗೆ ನಾಲ್ಕೇ ದಿನ. ಶಾಮಿಯಾನದವನಿಗೆ ಹೇಳಿಯಾಗಿತ್ತು.

ಸೌಂದರ್ಯ ಫೋನಿನಲ್ಲಿ ರೇಣುಕಾಪ್ರಸಾದನಿಗೆ ಆದದ್ದೆಲ್ಲ ಹೇಳಿದಳು. ದೊಡ್ಡಪ್ಪ ಎಂಬ ಒಂದು ಮಾತು ಬಿಟ್ಟು. "ಆ ಮೇಸ್ತ್ರಿ ಅಲ್ಲದೆ ಬೇರೆಯವರ ಕೈಯಲ್ಲಿ ಇದು ಆಗಲ್ಲ ಸರ್. ಆದ್ರೆ ಅವರು ಇಳಿಯೋದಕ್ಕೆ ಊರೋರು ಬಿಡಲ್ಲ," ಅಂದಳು.

"ಮ್ಯಾನೇಜ್ ಮಾಡ್ರಿ ಸೌಂದರ್ಯ. ಅದಕ್ಕೇ ಅಲ್ವಾ ನೀವು ಲೀಡರ್? ಬೆಳಗಿನ ಜಾವ ಇಳಿಸ್ರಿ. ಊರು ಏಳೋದ್ರೊಳಗೆ ಹೊರಗೆ ಕಳಿಸ್ರಿ. ಇದನ್ನೂ ನಾನೇ ಹೇಳ್ಬೇಕಾ?"

ಬೆಳಗಿನ ಜಾವ ಇಳಿಸಲೇ ಎಂದು ಬೆನಕಪ್ಪನನ್ನು ಕೇಳಿದಳು. ಅವನು ಎಲೆ ಅಡಿಕೆ ಅಗಿದ. "ನಮ್ಮ ಕಣ್ಣಿಗೆ ಬೀಳ್ದಂಗೆ ಏನಾದ್ರೂ ಮಾಡ್ಕೊಳ್ಳಿ. ಕಾಣ್ದಿದ್ರೆ ಆಯ್ತು," ಅಂದ.

ಕೆರೆದವರ ಲೆಕ್ಕದಲ್ಲಿ ಮೈಲಿಗೆ ಹಗಲಿಗೆ ಮಾತ್ರವಂತೆ. ನಸುಕಿನಲ್ಲಿ ಬಂದರೆ ಮಾಸ್ತಪ್ಪನ ಕೈಯೂ ಶುದ್ಧ.

ಸೌಂದರ್ಯ ಆ ದಿನವೇ ಶಿಕಾರಿಪುರದ ಕಾಲನಿಗೆ ಹೋದಳು. ನಾಲ್ಕು ತಿಂಗಳಲ್ಲಿ ಹಗಲು ಹೊತ್ತು ಆ ಮನೆಗೆ ಬಂದದ್ದು ಎರಡನೇ ಸಲ. ಮಾಸ್ತಪ್ಪ ಕಟ್ಟೆಯ ಮೇಲೆ ಕೂತು ಬೆರಳಿಗೆ ಎಣ್ಣೆ ಸವರುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಸಾಕಿದವನು, ತನ್ನ ಮನೆಯ ಮುಂದೆ, ಅವಳಿಗೆ ಎದ್ದು ನಿಂತ.

"ಬರ್ರಿ ಮೇಡಂ. ಕೂತ್ಕೊಳ್ರಿ."

"ದೊಡ್ಡಪ್ಪಾ, ಇಲ್ಲಿ ಯಾಕೆ ಹಂಗಂತೀಯ?"

"ರೂಢಿ ಆಗೇತಿ. ಏನು ಬಂದ್ರಿ?"

ಅವಳು ಹೇಳಿದಳು. ಗಂಜಲ, ಸಲಿಕೆ, ಕೆರೆದದ್ದು, ಸೋರಿದ್ದು. ಒಳಗಿನಿಂದ ದೊಡ್ಡಮ್ಮ ವನಜಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು.

"ಕೆರೀವಾಗ ನೀವು ಎಲ್ಲಿದ್ರಿ?" ಎಂದು ಮಾಸ್ತಪ್ಪ ಕೇಳಿದ.

"ಕೆಳಗೆ. ಏಣಿ ಹಿಡ್ಕೊಂಡಿದ್ದೆ."

ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಯಾವ ಹೊತ್ತಿಗೆ ಇಳೀಬೇಕಂತೆ?"

"ಬೆಳಗಿನ ಜಾವ. ಐದು ಗಂಟೆಗೆ ಇಳಿದ್ರೆ ಏಳರೊಳಗೆ..."

"ಇಳಿಯಲ್ಲ."

"ದೊಡ್ಡಪ್ಪಾ..."

"ಇಳಿಯಲ್ಲ ಅಂದೆ. ನಾನು ಆ ಟ್ಯಾಂಕಿನ ಮೇಸ್ತ್ರಿ, ಕಳ್ಳ ಅಲ್ಲ. ಹಗಲು ಹನ್ನೆರಡು ಗಂಟೆಗೆ ಇಳೀತೀನಿ. ಬೆನಕಪ್ಪ ಎದುರಿಗೆ ಕುರ್ಚಿ ಹಾಕ್ಕೊಂಡು ಕೂರ್ಲಿ. ಕೆರೆದ ನಾಲ್ಕು ಜನಾನೂ ನಿಂತಿರ್ಲಿ. ಎಲ್ಲಾರೂ ನೋಡ್ಲಿ, ಯಾರ ಕೈ ಅವರ ನೀರು ಹಿಡೀತದೆ ಅಂತ. ಅದಾಗದಿದ್ರೆ ಸೋರ್ಲಿ."

"ನನ್ನ ಕೆಲಸ ಹೋಗ್ತದೆ."

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ನಾಚಿಕೆಯಾಯಿತು. ಇಷ್ಟೆಲ್ಲ ಕೇಳಿದ ಮೇಲೂ ಅವಳ ಬಾಯಿಗೆ ಮೊದಲು ಬಂದದ್ದು ಅವಳ ಕೆಲಸ.

"ನಂದು ಹೋಯ್ತಲ್ಲ," ಅಂದ ಮಾಸ್ತಪ್ಪ. "ಊರೋರು ತೆಗೆದ್ರೆ ನನಗೆ ಹೊಸದಲ್ಲ. ಅವರು ನನ್ನ ಹೆಸರು ಒರೆಸಿಲ್ಲ. ಒರೆಸಿದ ಕೈಗೆ ಅಕ್ಷರ ಕಲಿಸಿದ್ದು ನಾನು."

ವನಜಮ್ಮ, "ಅನ್ನ ಆಗೇತಿ, ಉಂಡು ಹೋಗು," ಅಂದಳು. ಸೌಂದರ್ಯ ತಟ್ಟೆಯ ಮುಂದೆ ಕೂತಳು. ಬೆನಕಪ್ಪನ ಮನೆಯ ಮಜ್ಜಿಗೆಯನ್ನು ಸಲೀಸಾಗಿ ಕುಡಿದವಳು ಈ ಅನ್ನವನ್ನು ಬರೀ ಕಲಸುತ್ತಲೇ ಇದ್ದಳು.

ಎರಡು ದಿನ ಕಳೆದು, ಬಿಸಿಲು ನೆತ್ತಿಗೆ ಬಂದಾಗ ಮಾಸ್ತಪ್ಪ ಕೋಡಿಕೊಪ್ಪದ ಬೀದಿಯ ನಡುವೆ ನಡೆದು ಬಂದ, ಗೋಣಿಚೀಲ ಕಂಕುಳಲ್ಲಿ. ಅವನ ಪಕ್ಕಕ್ಕೆ ಸೌಂದರ್ಯ. ಹಗಲು ಹನ್ನೆರಡು ಗಂಟೆಗೇ ಆಗಲಿ ಎಂದು ಒಪ್ಪಿ ಅವಳೇ ಕರೆತಂದಿದ್ದಳು. ಗುಲಾಬ್ ಸಾಬ ಬೆಳಿಗ್ಗೆಯೇ ವಾಲ್ವು ತಿರುಗಿಸಿ ಟ್ಯಾಂಕು ಖಾಲಿ ಮಾಡಿದ್ದ. ಊರಿನ ಜನ ಒಬ್ಬೊಬ್ಬರೇ ಬಂದು ಸೇರಿದರು. ಬೆನಕಪ್ಪ ಕುರ್ಚಿಯಲ್ಲಿ ಕೂರಲಿಲ್ಲ, ಏಣಿಗೆ ಅಡ್ಡ ನಿಂತ.

"ಏನಮ್ಮಾ ಇದು? ಬೆಳಗಿನ ಜಾವ ಅಂತ ಮಾತಾಗಿತ್ತಲ್ವಾ?"

"ಇಲ್ಲ ರೀ. ಹಗಲೇ ಆಗ್ಬೇಕು. ಗಿಲಾವು ಇವರದ್ದು. ನಿಮ್ಮೋರು ಕೆರೆದು ಹಾಳು ಮಾಡಿದ್ದನ್ನ ಇವರೇ ಸರಿ ಮಾಡ್ತಾರೆ."

"ನೀನು ನಮ್ಮ ಮನೆ ಮಗಳಿದ್ದಂಗೆ ಅಂತ ಹೇಳ್ತೀನಿ. ಯಾರೋ ಒಬ್ಬ ಆಳಿಗೋಸ್ಕರ ಊರನ್ನ ಎದುರು ಹಾಕ್ಕೋಬೇಡ."

ಸೌಂದರ್ಯಳ ಜೇಬಿನಲ್ಲಿ ಫೋನು ಅಲುಗಿತು. ರೇಣುಕಾಪ್ರಸಾದನಿಗೆ ಆಗಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಎತ್ತಲಿಲ್ಲ.

"ಆಳಲ್ಲ ರೀ. ಇವರು ನನ್ನ ದೊಡ್ಡಪ್ಪ. ನನ್ನ ಸಾಕಿದೋರು. ಇವರ ಕಾಲನೀನೇ ನನ್ನ ಕಾಲನಿ."

ನಿರ್ಮಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಬೆನಕಪ್ಪನ ಮುಖ ಕೆಂಪಾಯಿತು. ಮೆತ್ತಗಿನ ದನಿ ಎಲ್ಲಿ ಹೋಯಿತೋ.

"ನಮ್ಮ ಜಗುಲಿ ಮೇಲೆ ಕೂತು ಮಜ್ಜಿಗೆ ಕುಡಿದ್ಯಲ್ಲೇ! ನಾಲ್ಕು ತಿಂಗಳು ಕುಡಿದ್ಯಲ್ಲೇ!"

"ಕುಡಿದೆ. ಮೊದಲನೇ ದಿನವೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ನನ್ನ ತಪ್ಪು ಅದು. ಕುಡಿದಿದ್ದು ತಪ್ಪಲ್ಲ."

"ನಾನು ಸಹಿ ಹಾಕಲ್ಲ!"

"ಹಾಕ್ಬೇಡಿ. ಏಣಿ ಬಿಡಿ."

ಅವನು ಬಿಡಲಿಲ್ಲ. ಮಾಸ್ತಪ್ಪ ಒಂದು ಹೆಜ್ಜೆ ಮುಂದೆ ಬಂದ. ಒಂದೇ ಹೆಜ್ಜೆ. ಅವನ ಮೈ ತನಗೆ ಸೋಕೀತೆಂದು ಬೆನಕಪ್ಪ ತಟ್ಟನೆ ಪಕ್ಕಕ್ಕೆ ಸರಿದ. ಅವನ ಭಯವೇ ದಾರಿ ಬಿಟ್ಟುಕೊಟ್ಟಿತು. ಗುಲಾಬ್ ಸಾಬ ಜೋರಾಗಿ ನಕ್ಕುಬಿಟ್ಟ.

ಮಾಸ್ತಪ್ಪ ಹತ್ತಿದ. ಸೌಂದರ್ಯ ಅವನ ಹಿಂದೆ ಹತ್ತಿದಳು. ಕೆಳಗಿನಿಂದ ಯಾರೋ ಕೆಟ್ಟ ಮಾತು ಎಸೆದರು. ಇಷ್ಟು ದಿನ ದೊಡ್ಡಪ್ಪನ ಬೆನ್ನಿಗೆ ಬೀಳುತ್ತಿದ್ದ ಮಾತು ಅವತ್ತು ಅವಳ ಬೆನ್ನಿಗೂ ಬಿತ್ತು. ನಾಳೆ ಆಫೀಸಿನಲ್ಲಿ ಏನಾಗುತ್ತದೆ ಎಂಬುದು ಗೊತ್ತೇ ಇತ್ತು. ಅಂಬ್ಲಿಗೊಳದ ಲೈನಿಗೆ ಬೇರೆಯವರ ಹೆಸರು ಬರುತ್ತದೆ. ಯಾರದೋ ಬೆರಳು ಅವಳ ಹೆಸರನ್ನು ಒರೆಸುತ್ತದೆ.

ಗುಲಾಬ್ ಸಾಬ ಹಗ್ಗ ಕಟ್ಟಿ ಕಲಸಿದ ಸಿಮೆಂಟಿನ ಬಕೆಟ್ಟನ್ನು ಮೇಲೆ ಕಳಿಸಿದ. ಅವಳು ಅದನ್ನು ಕಿಂಡಿಯೊಳಗೆ ಇಳಿಸಿ, ತಾನೂ ಇಳಿದು, ಬಾಂಡ್ಲಿಗೆ ಸುರಿದುಕೊಂಡಳು. ಒಳಗೆ ಕಾದ ಹಂಚಿನ ಸೆಕೆ. ಕಿಂಡಿಯ ಬೆಳಕಿನಲ್ಲಿ ತಳ ಕಂಡಿತು. ಕೋಳಿ ಕೆದರಿದ ಅಂಗಳದ ಹಾಗೆ ಉದ್ದಕ್ಕೂ ಗೀರು. ಹದಿಮೂರು ದಿನದ ಕೆಲಸ. ಮಾಸ್ತಪ್ಪ ಮೊಣಕಾಲೂರಿ ಆ ಗೀರುಗಳ ಮೇಲೆ ಅಂಗೈ ಆಡಿಸಿದ. ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಸುಖವಾಗುತ್ತಿತ್ತು.

ಅವಳು ಎದುರಿಗೆ ಕೂತಳು. ಹತ್ತು ವರ್ಷದವಳಿದ್ದಾಗ ಕೂರುತ್ತಿದ್ದ ಹಾಗೇ, ಬಾಂಡ್ಲಿಯನ್ನು ಮಡಿಲ ಹತ್ತಿರ ಇಟ್ಟುಕೊಂಡು. ಊರಿನ ಮುಂದೆ ಹೇಳಿಯಾಯಿತು, ಇನ್ನು ಇವನು ಸೌಂದ್ರೀ ಅಂತ ಕರೆಯುತ್ತಾನೆ ಎಂದು ಕಾದಳು.

"ದೊಡ್ಡಪ್ಪಾ," ಅಂದಳು. ಟ್ಯಾಂಕಿನೊಳಗೆ ಅವಳ ದನಿ ಗುಂಯ್‌ಗುಟ್ಟಿತು.

ಅವನು ತಲೆ ಎತ್ತಲಿಲ್ಲ. ಸುಲಿದ ಬೆರಳುಗಳಲ್ಲಿ ಕರಣೆ ಹಿಡಿದು, ಇನ್ನೊಂದು ಕೈ ಚಾಚಿದ.

"ಕಲಸಿದ್ದು ಕೊಡ್ರಿ, ಮೇಡಂ."

ಸೌಂದರ್ಯ ಬಾಂಡ್ಲಿಯನ್ನು ಅವನ ಕೈಗೆ ಸಿಗುವ ಹಾಗೆ ಮುಂದಕ್ಕೆ ಸರಿಸಿದಳು.